ಚಂದು ನಿವಾಸದ ಬಿಸಿನೀರು

ನೋಟಿಸನ್ನು ಯೋಗೀಶ ಹೇಗೋ ಸಹಿಸಿಕೊಂಡಿದ್ದ. ಸಹಿಸಿಕೊಳ್ಳಲಾಗದೆ ಹೋದದ್ದು ಆ ಬೆರಳನ್ನು.

ಅಕ್ಟೋಬರಿನ ಒಂದು ಬೆಳಿಗ್ಗೆ ಹತ್ತು ಗಂಟೆಗೆ ತಾಲ್ಲೂಕು ಕಚೇರಿಯ ಸಹಾಯಕ ಎಂಜಿನಿಯರ್ ವಿಜೇತಾ ಕೊಲ್ಲೂರಿಗೆ ಬಂದಿದ್ದಳು. ಬ್ರಹ್ಮಾವರದ ಕಡೆಯ ಹುಡುಗಿ, ವಯಸ್ಸು ಮೂವತ್ತು ದಾಟಿರಲಿಕ್ಕಿಲ್ಲ. ಚಂದು ನಿವಾಸದ ಹಿಂಬದಿಯ ಬಾಯ್ಲರ್ ಕೋಣೆಗೆ ಹೋಗಿ ಗೋಡೆಯ ಮೇಲೆ ಒಂದು ಬೆರಳು ಎಳೆದಳು. ಮಸಿ ಹಿಡಿದ ಆ ಬೆರಳನ್ನು ಮೇಲೆತ್ತಿಕೊಂಡೇ ಅಂಗಳಕ್ಕೆ ಬಂದಳು. ಆಗಷ್ಟೇ ಎರಡು ಜೀಪು ತುಂಬ ಕೇರಳದ ಯಾತ್ರಿಕರು ಬಂದಿಳಿದಿದ್ದರು. ಅವರಲ್ಲೊಬ್ಬ ಅಜ್ಜಿ ಆ ಬೆರಳನ್ನು ನೋಡಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಲಾಡ್ಜಿನ ಯಜಮಾನ ಯೋಗೀಶ ಎದುರಿಗೇ ನಿಂತಿದ್ದರೂ ವಿಜೇತಾ ಮಾತಾಡಿಸಿದ್ದು ಒಲೆಗೆ ಕಟ್ಟಿಗೆ ತುಂಬುವ ಗುಲಾಬಿಯನ್ನು.

"ಎಷ್ಟ್ ವರ್ಷ ಆಯ್ತ್ ಅಮ್ಮ ಈ ಕೆಮ್ಮ್?"

"ನೆಂಪಿಲ್ಲೆ ಮಗಾ. ಈ ಒಲೆ ಎದ್ರ್ ಕೂಕಂಡಾಗಿಂದ ಇತ್ತ್."

ವಿಜೇತಾ ತಲೆಯಾಡಿಸಿ, ಕೈಚೀಲದಿಂದ ಕಾಗದದ ಕರವಸ್ತ್ರ ತೆಗೆದು ಬೆರಳು ಒರೆಸಿಕೊಂಡು, ಅದನ್ನು ಮಡಚಿ ಯೋಗೀಶನ ಕೈಗೆ ಕೊಟ್ಟಳು. ಅವಳು ನೋಟಿಸು ಬರೆದು ಮುಗಿಸುವವರೆಗೂ ಅವನು ಅದನ್ನು ಹಿಡಿದುಕೊಂಡೇ ನಿಂತಿದ್ದ. ಎಲ್ಲಿ ಎಸೆಯಬೇಕೆಂದು ತೋಚಲಿಲ್ಲ.

ಇಪ್ಪತ್ತನಾಲ್ಕು ಕೋಣೆಗಳ ಆ ಲಾಡ್ಜನ್ನು ಕಟ್ಟಿಸಿದ್ದು ಅವನ ಅಪ್ಪ ಚಂದು. ಮೂಕಾಂಬಿಕೆಯ ದರ್ಶನಕ್ಕೆ ಬಂದವರು ನಸುಕಿಗೇ ಎದ್ದು ಮೀಯುತ್ತಾರೆ. ಹಾಸಿಗೆ ಗಟ್ಟಿಯಿದ್ದರೂ ತಡೆದುಕೊಂಡಾರು, ಬಿಸಿನೀರು ಇಲ್ಲದಿದ್ದರೆ ಮಾತ್ರ ಇನ್ನೊಮ್ಮೆ ಆ ಕಡೆ ತಲೆ ಹಾಕುವುದಿಲ್ಲ. ಚಂದು ನಿವಾಸದಲ್ಲಿ ಮೂವತ್ತು ವರ್ಷಗಳಲ್ಲಿ ಬಿಸಿನೀರು ಕೈಕೊಟ್ಟದ್ದೇ ಇಲ್ಲ. ಕಟ್ಟಿಗೆಗಾಗಿ ಕಾಡಿಗೆ ಹೋಗುವ ತಾಪತ್ರಯವೂ ಇಲ್ಲ. ಯೋಗೀಶನ ಭಾವನದು ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಕೆಲಸ. ಅಲ್ಲಿ ಒಡೆದ ಹಳೆಯ ದೋಣಿಗಳ ಹಲಗೆಗಳು ತಿಂಗಳಿಗೊಂದು ಲಾರಿ ಬಂದು ಬೀಳುತ್ತಿದ್ದವು. ಸಮುದ್ರದ ಉಪ್ಪು ಕುಡಿದ ಆ ಮರ ಚಟಪಟ ಎನ್ನುತ್ತಾ ಉರಿಯುತ್ತಿತ್ತು.

ಸರ್ಕಾರ ಈಗ ಅದನ್ನೇ ನಿಲ್ಲಿಸಿ ಎನ್ನುತ್ತಿತ್ತು. ಹೊಸ ಯೋಜನೆಯ ಪ್ರಕಾರ ಯಾತ್ರಾಸ್ಥಳದ ಲಾಡ್ಜುಗಳು ಸ್ನಾನದ ನೀರಿಗೆ ಕಟ್ಟಿಗೆ ಸುಡುವಂತಿಲ್ಲ. ಏಪ್ರಿಲ್ ಮುಗಿಯುವುದರೊಳಗೆ ಎಲ್ಲರೂ ಬಿಸಿಲಿನಲ್ಲಿ ನೀರು ಕಾಯಿಸುವ ಸೋಲಾರ್ ಹಲಗೆಯನ್ನಾಗಲಿ, ಹೀಟ್ ಪಂಪ್ ಎಂಬ ಕರೆಂಟಿನ ಯಂತ್ರವನ್ನಾಗಲಿ ಹಾಕಿಸಬೇಕು. ಅರ್ಧ ಖರ್ಚು ಸರ್ಕಾರದ್ದು. ಹಾಕಿಸಿದವರಿಗೆ ಬಾಗಿಲಲ್ಲಿ ತೂಗುಹಾಕಲು ಹಸಿರು ಬೋರ್ಡು, ಹಾಕಿಸದವರಿಗೆ ಬೀಗ. ಸುಳ್ಳು ದಾಖಲೆ ಕೊಟ್ಟವರ ಪರವಾನಗಿ ರದ್ದು, ಜೊತೆಗೆ ಪೊಲೀಸ್ ಕೇಸು. ರಸ್ತೆಯ ಆಚೆ ಬದಿಯ ಲಾಡ್ಜಿನ ಪ್ರವೀಣ ಒಂದೇ ತಿಂಗಳಲ್ಲಿ ತಾರಸಿಯ ಮೇಲೆ ಹೀಟ್ ಪಂಪ್ ಕೂರಿಸಿ, ಹಸಿರು ಬೋರ್ಡು ನೇತುಹಾಕಿಯೇಬಿಟ್ಟ. ಬೈಂದೂರಿನ ರೈಲ್ವೆ ನಿಲ್ದಾಣದಿಂದ ಜನ ತರುವ ಜೀಪಿನವರು ಮೊದಲು ಅವನ ಬಾಗಿಲಲ್ಲಿ ಹಾರ್ನ್ ಹೊಡೆಯತೊಡಗಿದರು.

ಯೋಗೀಶನೂ ಹಾಕಿಸಬಹುದಿತ್ತು, ಅದಕ್ಕೆ ಬೇಕಾದ ಅನುಕೂಲ ಅವನಿಗಿತ್ತು. ಆದರೆ ಹಾಕಿಸಿದರೆ ಪೇಟೆಯವರೆಲ್ಲ ಆ ಬೆರಳಿಗೆ ಹೆದರಿ ಹಾಕಿಸಿದ ಎನ್ನುತ್ತಾರೆ. ರಾತ್ರಿ ಉಂಡು ಎದ್ದಾಗ, ಬೆಳಿಗ್ಗೆ ಹಲ್ಲುಜ್ಜುವಾಗ, ಅಂಗಡಿಯವನಿಗೆ ಚಿಲ್ಲರೆ ಕೊಡುವಾಗ ಆ ಬೆರಳು ಅವನ ಕಣ್ಣೆದುರು ಬಂದು ನಿಲ್ಲುತ್ತಿತ್ತು. ನವೆಂಬರ್ ಹೊತ್ತಿಗೆ ಅವನಿಗೆ ತನಗೆ ಬೇಕಾದುದೇನೆಂದು ಸ್ಪಷ್ಟವಾಯಿತು. ಬಾಯ್ಲರ್ ಉರಿಯುತ್ತಲೇ ಇರಬೇಕು, ಅದೇ ಹುಡುಗಿ ಅದೇ ಕೈಯಿಂದ ಇಲ್ಲಿ ಹೊಗೆಯಿಲ್ಲ ಎಂದು ಬರೆದು ಸಹಿ ಹಾಕಬೇಕು.

ಅವನು ಅವಸರ ಮಾಡಲಿಲ್ಲ. ಸಿಕ್ಕಿಬೀಳುವವರೆಲ್ಲ ಎರಡು ಕಾರಣಕ್ಕೆ ಸಿಕ್ಕಿಬೀಳುತ್ತಾರೆ, ಆಸೆ ಮತ್ತು ಬಾಯಿ ಎಂಬುದು ಅವನ ಲೆಕ್ಕ. ಆದ್ದರಿಂದ ಸರ್ಕಾರದ ಅರ್ಧ ಖರ್ಚು ತನಗೆ ಬೇಡವೆಂದು ಮೊದಲೇ ಅರ್ಜಿ ಕೊಟ್ಟ. ಸರ್ಕಾರದ ದುಡ್ಡು ಬಂದರೆ ಅದರ ಹಿಂದೆ ತನಿಖೆಯವರು ಬರುತ್ತಾರೆ. ದುಡ್ಡು ಬೇಡ ಎಂದವನನ್ನು ಯಾರು ಅನುಮಾನಿಸುತ್ತಾರೆ? ಇನ್ನು ಬಾಯಿ. ಹೆಂಡತಿ ಮೋಹಿನಿಗೂ ಅವನು ವಿಷಯ ಬಿಡಲಿಲ್ಲ. ಗುಲಾಬಿಗೆ ಹೇಳದೆ ವಿಧಿಯಿಲ್ಲ, ಆದರೆ ಅದಕ್ಕಿನ್ನೂ ಸಮಯವಿತ್ತು.

ಮೊದಲು ಪೆಟ್ಟಿಗೆಯಾಗಬೇಕಿತ್ತು. ಪ್ರವೀಣನ ತಾರಸಿಗೆ ಹೋಗಿ ನೋಡಿದರೆ ನಾಳೆ ಅವನಿಗೆ ಅದು ನೆನಪಿರುತ್ತದೆ. ಯೋಗೀಶ ತನ್ನದೇ ತಾರಸಿಯಲ್ಲಿ ಒಣಗಲು ಹಾಕಿದ ಬೆಡ್‌ಶೀಟುಗಳ ನಡುವೆ ನಿಂತು, ಮೊಬೈಲಿನ ಕ್ಯಾಮೆರಾ ದೊಡ್ಡದು ಮಾಡಿ ರಸ್ತೆಯ ಆಚೆಯಿಂದಲೇ ಹೀಟ್ ಪಂಪನ್ನು ಅಭ್ಯಾಸ ಮಾಡಿದ. ದಂತದ ಬಣ್ಣ. ಎದುರಿಗೆ ಜಾಲರಿ, ಅದರ ಹಿಂದೆ ದೊಡ್ಡ ಫ್ಯಾನು. ಪಕ್ಕದಲ್ಲಿ ಎರಡು ಪೈಪು. ಎತ್ತರ ಎಷ್ಟಿರಬಹುದೆಂದು ಅದರ ಮೇಲೆ ಬಂದು ಕೂತ ಕಾಗೆಯ ಅಳತೆಯಲ್ಲಿ ಹಾಕಿದ.

ಕೋಟೇಶ್ವರದ ಗುಜರಿ ಅಂಗಡಿಯಲ್ಲಿ ಯಾವುದೋ ಮದುವೆ ಹಾಲಿನಿಂದ ಕಿತ್ತು ತಂದ ದೊಡ್ಡ ಎಸಿಯ ಹೊರಪೆಟ್ಟಿಗೆ ಸಿಕ್ಕಿತು. ಕೋಳಿಗೂಡು ಮಾಡಲು ಎಂದು ಹೇಳಿ ತಂದ. ಅಂಗಡಿಯವನು ಅದನ್ನು ಟೆಂಪೋಗೆ ಏರಿಸುವಾಗ, "ನಿಮ್ ಕೋಳಿಗ್ ಪುಣ್ಯ ಇತ್ತ್ ಮರಾಯ್ರೆ, ಎಸಿಯಂಗೇ ಮಲ್ಕಂತ್ತೊ" ಎಂದ. ಯೋಗೀಶ ಅವನಿಗಿಂತ ಜೋರಾಗಿ ನಕ್ಕ. ಪೆಟ್ಟಿಗೆಗೆ ಬಣ್ಣ ತಾನೇ ಬಳಿದ. ಅಗ್ನಿತೇಜ ಎಂಬ ಕಂಪನಿಯನ್ನು ತಾನೇ ಹುಟ್ಟಿಸಿ, ಅದರ ಸ್ಟಿಕ್ಕರನ್ನು ಒಂದೂರಿನಲ್ಲಿ, ಕೊಯಮತ್ತೂರಿನ ವಿಳಾಸವಿದ್ದ ಬಿಲ್ಲನ್ನು ಇನ್ನೊಂದೂರಿನಲ್ಲಿ ಅಚ್ಚು ಹಾಕಿಸಿದ. ಸ್ಟಿಕ್ಕರಿನ ಒಂದು ಮೂಲೆಯನ್ನು ಉಗುರಿನಿಂದ ಸ್ವಲ್ಪ ಎಬ್ಬಿಸಿಟ್ಟ. ತೀರಾ ನೀಟಾಗಿದ್ದರೆ ಸಂಶಯ ಬರುತ್ತದೆ.

ಪೆಟ್ಟಿಗೆಯೊಳಗೆ ಹಳೆಯ ಮೋಟಾರು ಕೂರಿಸಿದಾಗ ಫ್ಯಾನು ತಿರುಗಿತು, ಗುಂಯ್ ಎಂಬ ಸದ್ದೂ ಬಂತು. ಬೇರೆಯವನಾಗಿದ್ದರೆ ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದ. ಯೋಗೀಶ ಮಾತ್ರ ಒಂದು ದಿನವಿಡೀ ತಾನೇ ವಿಜೇತಾ ಆಗಿ ಯೋಚಿಸಿದ. ಅವಳು ಯಂತ್ರದ ಮೇಲೆ ಕೈ ಇಟ್ಟು ನೋಡುತ್ತಾಳೆ. ಇಪ್ಪತ್ತನಾಲ್ಕು ಕೋಣೆಗೆ ನೀರು ಕಾಯಿಸುವ ಯಂತ್ರ ತಣ್ಣಗಿದ್ದರೆ ನಂಬುತ್ತಾಳೆಯೇ? ಕರೆಂಟ್ ಬಿಲ್ಲು ಕೇಳುತ್ತಾಳೆ. ಬಿಲ್ಲು ಏರದಿದ್ದರೆ ಬಿಟ್ಟಾಳೆಯೇ? ಎರಡಕ್ಕೂ ಒಂದೇ ಉಪಾಯ ಹೊಳೆಯಿತು. ಫ್ಯಾನಿನ ಹಿಂದೆ ಎರಡು ಹೀಟರ್ ಕಾಯಿಲ್ ಕಟ್ಟಿದ. ಸ್ವಿಚ್ ಹಾಕಿದರೆ ಪೆಟ್ಟಿಗೆ ಬೆಚ್ಚಗಾಗುತ್ತಿತ್ತು, ಜಾಲರಿಯಿಂದ ಬಿಸಿಗಾಳಿ ಬುಸ್ಸೆಂದು ಹೊರಬರುತ್ತಿತ್ತು, ಮೀಟರು ಗರಗರ ತಿರುಗುತ್ತಿತ್ತು. ಹೊಗೆಯಿಲ್ಲದ ಯಂತ್ರವೊಂದು ಇದೆ ಎಂದು ತೋರಿಸಲು ಅವನು ನಿಜವಾದ ಯಂತ್ರಕ್ಕಿಂತ ಹೆಚ್ಚು ಕರೆಂಟು ಸುಡುತ್ತಿದ್ದ. ಅದು ಅವನಿಗೆ ಬೇಸರದ ವಿಷಯವೇ ಆಗಿರಲಿಲ್ಲ. ಅಂದು ಮಧ್ಯಾಹ್ನ ಮನೆಯಲ್ಲಿ ಬಂಗುಡೆ ಮೀನಿನ ಸಾರಿಗೆ ಎರಡು ಸಲ ಅನ್ನ ಹಾಕಿಸಿಕೊಂಡ.

ಇನ್ನು ನಿಜವಾದ ಬಿಸಿ. ಬಾಯ್ಲರನ್ನು ಬಿಚ್ಚಿ ಲಾಡ್ಜಿನ ಹಿಂದೆ ಹರಿಯುವ ತೋಡಿನಾಚೆ, ಗುಲಾಬಿಯ ಮನೆಯ ಅಂಗಳದ ಮೂಲೆಯಲ್ಲಿ ಪರವೂರಿನ ಕೂಲಿಗಳಿಂದ ನೆಲ ಅಗೆಸಿ ಹೂಳಿಸಿದ. ಅಲ್ಲಿಂದ ಮಣ್ಣಿನಡಿಯಲ್ಲಿ ಲಾಡ್ಜಿಗೆ, ತಾರಸಿಯ ಪೆಟ್ಟಿಗೆಯನ್ನು ಹಾದು ಹೋಗುವಂತೆ, ಪೈಪು. ಒಲೆಯ ಬಾಯಿಯ ಮೇಲೆ ಭತ್ತ ಬೇಯಿಸುವ ದೊಡ್ಡ ಹಂಡೆ. ಕುಚ್ಚಲಕ್ಕಿ ಉಣ್ಣುವ ಊರಿನಲ್ಲಿ ಅಂಗಳದಲ್ಲಿ ಭತ್ತ ಬೇಯಿಸಿದರೆ ಯಾರು ತಿರುಗಿ ನೋಡುತ್ತಾರೆ? ಯೋಜನೆಯ ಹೊತ್ತಗೆಯನ್ನು ಯೋಗೀಶ ಮೂರು ಸಲ ಓದಿದ್ದ. ಲಾಡ್ಜಿನ ಹೊಗೆಗೆ ದಂಡವಿತ್ತು, ಬಡವರ ಭತ್ತದ ಹೊಗೆಯ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ.

ಅದಕ್ಕೂ ಮೊದಲು, ತಾರಸಿಯ ಮೇಲೆ ಪೆಟ್ಟಿಗೆ ಏರಿದ ದಿನ, ಗುಲಾಬಿ ಕೆಳಗಿನಿಂದಲೇ ಕೈಮುಗಿದಿದ್ದಳು.

"ಇನ್ ನಂಗ್ ಹೊಗೆ ಇಲ್ಲ್ಯಾ ಯೋಗೀಶಣ್ಣ?"

ಯೋಗೀಶ ಅವಳನ್ನು ಪಕ್ಕಕ್ಕೆ ಕರೆದು ಎಲ್ಲ ವಿವರಿಸಿದ. ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಪೆಟ್ಟಿಗೆಯ ಕಡೆಗೊಮ್ಮೆ ನೋಡಿದಳು.

"ಹಾಂಗಾರೆ ಅದ್ ಎಂತಕ್ಕೆ?"

"ಕಾಂಬುಕೆ."

"ಕಾಂಬುಕೆ ಲಾಯ್ಕಿತ್ತ್" ಎಂದಷ್ಟೇ ಹೇಳಿ, ಕೆಮ್ಮುತ್ತಾ ಹಲಗೆ ಸೀಳಲು ಹೋದಳು. ನೋಡಲು ಚೆಂದವಿದೆ ಎಂಬ ಆ ಮಾತು ಯೋಗೀಶನಿಗೆ ಸ್ವಲ್ಪ ಚುಚ್ಚಿತು. ಏಪ್ರಿಲಿನ ವಿಷು ಹಬ್ಬಕ್ಕೆ ಅವಳಿಗೊಂದು ಸೀರೆ ಕೊಡಬೇಕೆಂದುಕೊಂಡ ಮೇಲೆ ಸರಿಯಾಯಿತು.

ಮೂರು ತಿಂಗಳು ಹಂಡೆಯಲ್ಲಿ ಭತ್ತ ಬೆಂದಿತು. ಹೆಚ್ಚೂಕಡಿಮೆ ಅದೇ ಭತ್ತವೇ. ದಿನಾ ಹೊಸದನ್ನು ಎಲ್ಲಿಂದ ತರುವುದು? ಗುಲಾಬಿ ಬೆಂದದ್ದನ್ನೇ ಬೇಯಿಸಿ, ಅದು ಗಂಜಿಯಾದಾಗ ಕೋಳಿಗೆ ಹಾಕಿ ಮತ್ತೊಂದಿಷ್ಟು ಸುರಿಯುತ್ತಿದ್ದಳು. ಅವಳ ಕೋಳಿಗಳು ನಡೆಯಲಾಗದಷ್ಟು ದಪ್ಪವಾದವು.

ಮಧ್ಯೆ ಒಂದೇ ಒಂದು ಗಂಡಾಂತರ ಬಂತು. ಮುಂಬೈಯಲ್ಲಿ ಹತ್ತು ವರ್ಷ ಎಸಿ, ಫ್ರಿಡ್ಜು ರಿಪೇರಿ ಮಾಡಿ ಬಂದು ಈಗ ಕುಂದಾಪುರದಲ್ಲಿ ಅಂಗಡಿಯಿಟ್ಟಿದ್ದ ರತೀಶ ದೇವಸ್ಥಾನಕ್ಕೆ ಬಂದವನು ನೇರ ಚಂದು ನಿವಾಸದ ಮೆಟ್ಟಿಲು ಹತ್ತಿದ.

"ಹ್ವಾಯ್ ಯೋಗೀಶಣ್ಣ, ಹೊಸ ಮಿಷನ್ ಹಾಕ್ಸಿರ್ ಅಂಬ್ರಲೆ. ಜರಾ ಕಾಂಬ."

"ವಾರಂಟಿ ಇತ್ತ್ ಮರಾಯಾ. ಬೇರೆಯವ್ರ್ ಮುಟ್ರೆ ಹೋತ್ತ್ ಅಂಬ್ರ್."

"ಮುಟ್ಟುದಿಲ್ಲೆ. ಬರೀ ಕಾಂಬುದ್."

"ಕಾಂಬುದೂ ಬ್ಯಾಡ. ಬಾ, ಚಾ ಕುಡಿವ."

ಚಹಾ ಕುಡಿಸಿ, ಮಕ್ಕಳ ಶಾಲೆ ವಿಚಾರಿಸಿ, ಬಸ್ಸು ಹತ್ತಿಸಿಯೇ ಕಳಿಸಿದ. ಯಂತ್ರದ ವಿಷಯ ತಿಳಿದ ಒಬ್ಬನೇ ಒಬ್ಬನನ್ನು ಹತ್ತಿರ ಬಿಟ್ಟುಕೊಳ್ಳದೆ ಇಷ್ಟು ದೂರ ಬಂದೆನಲ್ಲ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ವಿಷು ಕಳೆದ ಮೂರನೆಯ ದಿನ ವಿಜೇತಾ ಬಂದಳು. ಎಲೆಯೊಂದೂ ಅಲುಗದ ಸೆಕೆ. ಹನ್ನೆರಡು ಗಂಟೆಯ ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾಗಿತ್ತು. ಬಸ್ಸಿಳಿದು ನಡೆದು ಬಂದ ಅವಳ ಕುತ್ತಿಗೆಯಿಂದ ಬೆವರಿಳಿಯುತ್ತಿತ್ತು. ಯೋಗೀಶ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಾಗಿಲಲ್ಲೇ ನಿಂತಿದ್ದ.

"ಬನ್ನಿ ಮೇಡಂ. ಎಳನೀರ್ ಕುಡಿನಿ ಮೊದ್ಲ್."

"ಕೆಲ್ಸ ಮುಗ್ಸ್ಕಂಡ್ ಕುಡಿತೆ."

ಅವನು ಎಣಿಸಿದಂತೆಯೇ ಅವಳು ಒಂದೊಂದಾಗಿ ನೋಡುತ್ತಾ ಹೋದಳು. ಏಳನೇ ಕೋಣೆಯ ನಲ್ಲಿ ಬಿಟ್ಟು ಬಕೆಟ್ಟಿಗೆ ಥರ್ಮಾಮೀಟರ್ ಇಳಿಸಿದಳು. ಐವತ್ತೆರಡು ಡಿಗ್ರಿ. ಹಳೆಯ ಬಾಯ್ಲರ್ ಕೋಣೆಯ ಬಾಗಿಲು ತೆರೆದಳು. ಸುಣ್ಣ ಬಳಿದ ಗೋಡೆಗಳ ನಡುವೆ ಈಗ ಅಲ್ಲಿ ಯಾತ್ರಿಕರ ಚಪ್ಪಲಿ ಇಡುವ ಕಪಾಟುಗಳು. ಗೋಡೆಯ ಮೇಲೆ ಬೆರಳು ಎಳೆದಳು. ಬೆರಳಿಗೆ ಸುಣ್ಣ ಬಂತು. ಯೋಗೀಶ ಕಿಸೆಯಿಂದ ಸ್ವಚ್ಛವಾದ ಕರವಸ್ತ್ರ ತೆಗೆದು ಕೊಟ್ಟ. ಇದಕ್ಕಾಗಿಯೇ ಆರು ತಿಂಗಳಿಂದ ಕಾದಿದ್ದ.

ಕರೆಂಟ್ ಬಿಲ್ಲು ನೋಡುತ್ತಾ ಅವಳು ಹುಬ್ಬೇರಿಸಿದಳು. "ಸ್ವಲ್ಪ ಜಾಸ್ತಿಯೇ ಆಯ್ತಲೆ."

"ಜನ ಜಾಸ್ತಿ ಮೇಡಂ. ಎಲ್ಲರೂ ಎರಡೆರಡ್ ಸಲ ಮೀತ್ರ್."

ಹಿಂಬದಿಗೆ ಹೋದಾಗ ಅವಳ ಮೂಗು ಅರಳಿತು. ತೋಡಿನಾಚೆ ಗುಲಾಬಿಯ ಹಂಡೆಯಿಂದ ಹಬೆ ಏಳುತ್ತಿತ್ತು. ವಿಜೇತಾ ಕಾಲುಸಂಕ ದಾಟಿ ಅಲ್ಲಿಗೇ ನಡೆದಳು. ಯೋಗೀಶ ಹಿಂದೆಯೇ ಓಡಿದ. ಬೇಸಾಯದ ಮನೆಯಲ್ಲಿ ಹುಟ್ಟಿದ ಹುಡುಗಿ ಎಂಬುದನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವಳು ಹಂಡೆಯಿಂದ ನಾಲ್ಕು ಕಾಳು ತೆಗೆದು ಅಂಗೈಯಲ್ಲಿ ಹಿಚುಕಿದಳು.

"ಅಮ್ಮ, ಇದ್ ಬೆಂದ್ ಒಡ್ದೇ ಹೋಯಿತ್ತಲೆ!"

ಗುಲಾಬಿ ತಲೆಯೆತ್ತಲಿಲ್ಲ. "ನಂಗ್ ಹಲ್ಲಿಲ್ಲೆ ಮಗಾ. ಮೆತ್ತಗ್ ಬೇಕ್."

ವಿಜೇತಾ ನಕ್ಕಳು. "ಕೆಮ್ಮ್ ಕಮ್ಮಿ ಆಯ್ತಾ?"

ಗುಲಾಬಿ ಒಮ್ಮೆ ಯೋಗೀಶನ ಮುಖ ನೋಡಿದಳು. ಆ ಒಂದು ಗಳಿಗೆಯಲ್ಲಿ ಅವನು ಮನಸ್ಸಿನಲ್ಲೇ ಅವಳಿಗೆ ಎರಡು ಸೀರೆ, ಒಂದು ಜೊತೆ ಓಲೆ ಕೊಡಿಸಿದ.

"ಲಾಡ್ಜಿನ್ ಕೆಮ್ಮ್ ಹೋಯ್ತ್" ಎಂದಳು ಗುಲಾಬಿ. "ಈಗಿನದ್ ಬತ್ತದ್ದ್."

ಗಂಡಾಂತರ ಕಳೆಯಿತು. ಕಾಲುಸಂಕದ ಮೇಲೆ ಹಿಂದಿರುಗುವಾಗ ವಿಜೇತಾ ನಡೆಯುವುದನ್ನು ನಿಲ್ಲಿಸಿದಳು. ಅವಳು ಹೇಳಿದ ಮಾತನ್ನು ಯೋಗೀಶ ಕನಸಿನಲ್ಲೂ ಎಣಿಸಿರಲಿಲ್ಲ.

"ಯೋಗೀಶಣ್ಣ, ಅವತ್ ಅಷ್ಟ್ ಜನರ್ ಎದ್ರ್ ನಾನ್ ಹಾಂಗ್ ಬೆರಳ್ ತೋರ್ಸ್ಕಾಗಿತ್ತಿಲ್ಲೆ. ತಪ್ಪಾಯ್ತ್. ಸರ್ಕಾರದ್ದ್ ಒಂದ್ ಪೈಸೆ ಬ್ಯಾಡ ಅಂದ್ಕಂಡ್ ಸ್ವಂತ ಹಾಕ್ಸ್ದವ್ರ್ ಈ ಊರಂಗ್ ನೀವ್ ಒಬ್ಬ್ರೇ. ಆಫೀಸಂಗೂ ಹೇಳ್ದೆ ನಾನ್."

ಯೋಗೀಶನ ಎದೆಯೊಳಗೆ ಏನೋ ಕರಗಿದಂತಾಯಿತು. ಇವಳು ಕೆಟ್ಟವಳಲ್ಲ ಅನಿಸಿತು. ಮುಂದಿನ ವರ್ಷ, ಎಲ್ಲರೂ ಮರೆತ ಮೇಲೆ, ನಿಜವಾದ ಯಂತ್ರವನ್ನೇ ಹಾಕಿಸಿದರಾಯಿತು. ಗುಲಾಬಿಗೂ ಸಮಾಧಾನ. ಹಾಗೆ ಯೋಚಿಸುವಷ್ಟು ದೊಡ್ಡ ಮನಸ್ಸು ತನ್ನದು ಎಂದು ಅವನಿಗೇ ಖುಷಿಯಾಯಿತು. "ಅದೆಲ್ಲ ಮನ್ಸಂಗ್ ಇಟ್ಕಂಬುದಿಲ್ಲೆ ಮೇಡಂ" ಎಂದ.

ತಾರಸಿಯ ಮೇಲೆ ಕಾಲಿಡಲಾಗದಷ್ಟು ಬಿಸಿಲು. ಪೆಟ್ಟಿಗೆ ಗುಂಯ್ ಎನ್ನುತ್ತಾ ನಿಂತಿತ್ತು. ವಿಜೇತಾ ಪಕ್ಕದಿಂದ ಬಂದು ಅದರ ಮೈಮೇಲೆ ಕೈಯಿಟ್ಟು ತೆಗೆದಳು. ಸ್ಟಿಕ್ಕರ್ ಓದಿ ಬಿಲ್ಲಿನ ನಂಬರಿಗೆ ತಾಳೆ ಹಾಕಿದಳು. ಪೈಪು ಮುಟ್ಟಿ ನೋಡಿದಳು. ದೂರದಿಂದ ಒಂದು, ಹತ್ತಿರದಿಂದ ಒಂದು ಫೋಟೋ ತೆಗೆದಳು. ಚೀಲದಿಂದ ಹಸಿರು ಬೋರ್ಡು ಹೊರಬಂತು. ಅದನ್ನು ಅವಳು ಯೋಗೀಶನ ಕೈಗೇ ಕೊಟ್ಟಳು. ಬಾಗಿಲಿನ ಎಡಕ್ಕೆ ಹಾಕುವುದೋ ಬಲಕ್ಕೋ ಎಂದು ಅವನು ಆಗಲೇ ಯೋಚಿಸತೊಡಗಿದ್ದ. ಬಲಕ್ಕೆ ಹಾಕಿದರೆ ಪ್ರವೀಣನಿಗೆ ಚೆನ್ನಾಗಿ ಕಾಣುತ್ತದೆ.

ಫಾರ್ಮಿನ ಕೊನೆಯ ಗೆರೆಯೊಂದೇ ಉಳಿದಿತ್ತು. ಪೆನ್ನಿನ ಮುಚ್ಚಳ ತೆಗೆದ ವಿಜೇತಾ ಸುತ್ತ ನೋಡಿ, ನೀರಿನ ಟ್ಯಾಂಕಿನ ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ತಂದು ಫ್ಯಾನಿನ ಜಾಲರಿಯ ಎದುರಿಗೇ ಹಾಕಿಕೊಂಡಳು. "ಎಂತ ಸೆಕೆ ಕಾಣಿ. ಯಾವ್ ಲಾಡ್ಜಂಗೂ ನಾನ್ ಸಹಿ ಹಾಕುದ್ ಈ ಮಿಷನ್ ಎದ್ರ್ ಕೂಕಂಡೇ. ಪ್ರವೀಣಣ್ಣನಲ್ಲಂತೂ ಏಳುಕೇ ಮನ್ಸ್ ಬರ್ಲಿಲ್ಲೆ" ಎನ್ನುತ್ತಾ ಕೂತು, ಕಣ್ಣು ಮುಚ್ಚಿ ಗಾಳಿಗೆ ಮುಖವೊಡ್ಡಿದಳು. ಆಮೇಲೆ ಕಣ್ಣು ತೆರೆದು ಜಾಲರಿಗೆ ಅಂಗೈ ಹಿಡಿದಳು, ಕೈ ತಿರುಗಿಸಿ ಮತ್ತೊಮ್ಮೆ ಹಿಡಿದಳು. "ಬಿಸಿಗಾಳಿ ಬತ್ತಾ ಇತ್ತಲೆ ಯೋಗೀಶಣ್ಣ." ಹಸಿರು ಬೋರ್ಡನ್ನು ಎದೆಗಾನಿಸಿಕೊಂಡಿದ್ದ ಯೋಗೀಶ ಹೆಮ್ಮೆಯಿಂದಲೇ ನಕ್ಕ. "ಮತ್ತೆ? ಬಿಸಿನೀರಿನ್ ಮಿಷನ್ ಅಲ್ದಾ ಮೇಡಂ!" ವಿಜೇತಾ ಪೆನ್ನಿಗೆ ಮುಚ್ಚಳ ಹಾಕಿದಳು. "ಇದ್ ನೀರ್ ಕಾಯ್ಸುದ್ ಗಾಳಿಯಂಗಿಪ್ಪ ಬಿಸಿ ಎಳ್ಕಂಡ್. ಬಿಸಿ ಎಲ್ಲ ನೀರಿಗ್ ಹೋದ್ ಮೇಲೆ ಹೊರ್ಗ್ ಬಪ್ಪುದ್ ತಣ್ಣನ್ ಗಾಳಿ" ಎಂದು ಎದ್ದು ನಿಂತು ಕೈ ಚಾಚಿದಳು. "ಒಂದ್ ಸ್ಕ್ರೂಡ್ರೈವರ್ ಕೊಡಿ ಕಾಂಬ."